ತಾಳವಾಡಿ ಬೆಟ್ಟದ ಕಾವಲು ಮತ್ತು ಕಂದಕ

ಸತ್ಯಮಂಗಲದಿಂದ ಉತ್ತರಕ್ಕೆ ಹೊರಟ ಹೆದ್ದಾರಿ ಬಣ್ಣಾರಿ ಅಮ್ಮನ ಗುಡಿಯನ್ನು ದಾಟಿದೊಡನೆ ಕಾಡನ್ನು ಹೊಗುತ್ತದೆ. ಅಲ್ಲಿಂದ 27 ಕಡು ತಿರುವುಗಳ ಏರುದಾರಿ. ದಿಂಬಂ ಮುಟ್ಟಿದ ಬಸ್ಸು ಮುಂದೆ ಸಾಗುವಾಗ ಬಯಲಿನ ಬಿಸಿ ಹಿಂದುಳಿದಿರುತ್ತದೆ. ಒಳಗೆ ಕುಳಿತವರ ಮಾತು ಮೆಲ್ಲಗೆ ತಮಿಳಿನಿಂದ ಕನ್ನಡಕ್ಕೆ ಹೊರಳಿರುತ್ತದೆ. ಹಾಸನೂರಿನ ಬಳಿ ಹೆದ್ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರೆ ತಾಳವಾಡಿ ಸೀಮೆ. ದೊಡ್ಡಗಾಜನೂರು, ಗುಮಟಾಪುರ, ಪನಕಹಳ್ಳಿ, ಚಿಕ್ಕಹಳ್ಳಿ ಎಂಬ ಊರ ಹೆಸರುಗಳೇ ಆ ನೆಲದ ನುಡಿಯನ್ನು ಹೇಳುತ್ತವೆ.

ಮೈಸೂರು ಸೀಮೆಯ ಬದಿಯಲ್ಲಿದ್ದರೂ ಈ ನೆಲ ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಆಡಳಿತದ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದೇ ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮದ್ರಾಸಿನಲ್ಲಿಯೇ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆ ರಚನೆಯಾದಾಗ ಅದರ ಪಾಲಾಯಿತು. ಹೀಗಾಗಿ ಚಾಮರಾಜನಗರ ಸುಮಾರು 25 ಕಿಲೋಮೀಟರ್ ದೂರದಲ್ಲಿದ್ದರೆ, ಜಿಲ್ಲಾ ಕಚೇರಿಗೆ ಹೋಗಬೇಕಾದವರು ಘಾಟಿಯನ್ನಿಳಿದು ನೂರಕ್ಕೂ ಹೆಚ್ಚು ಕಿಲೋಮೀಟರ್ ಪ್ರಯಾಣ ಮಾಡಬೇಕು. ಸಂತೆ, ನೆಂಟಸ್ತಿಕೆ, ಜಾತ್ರೆ ಒಂದು ದಿಕ್ಕಿಗೆ. ಪಟ್ಟಾ, ಪಡಿತರ ಚೀಟಿ, ಪರೀಕ್ಷಾ ಮಂಡಳಿ ಇನ್ನೊಂದು ದಿಕ್ಕಿಗೆ. 1929ರಲ್ಲಿ ಗಾಜನೂರಿನಲ್ಲಿ ಹುಟ್ಟಿ, ಶಾಲೆಯಲ್ಲಿ ಹೆಚ್ಚು ಕಾಲ ಕೂರದೆ, ನಾಟಕ ಕಂಪನಿಯ ಸಣ್ಣ ಪಾತ್ರಗಳಲ್ಲಿ ಕಲಿತು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾದ ರಾಜ್‌ಕುಮಾರ್ ಈ ಸೀಮೆಯ ಹೆಸರನ್ನು ಕನ್ನಡ ಜಗತ್ತಿಗೆಲ್ಲ ತಲುಪಿಸಿದರು. ಆದರೆ ಇಂದು ಇಲ್ಲಿಯ ಕನ್ನಡ ಶಾಲೆಗಳಲ್ಲಿ ಕುಳಿತ ಮಕ್ಕಳ ತಂದೆತಾಯಿಗಳ ಮನಸ್ಸಿನಲ್ಲಿರುವ ಪ್ರಶ್ನೆ ಬೇರೆ: ಎರಡು ರಾಜ್ಯಗಳ ನಡುವೆ ಕನ್ನಡದಲ್ಲಿ ಓದಿದ ಮಗು ಯಾವ ಕೆಲಸಕ್ಕೆ ಸಲ್ಲುತ್ತದೆ?

ಹೊಲದ ಎರಡು ದುಡಿಮೆಗಳು

ತಾಳವಾಡಿಯ ಹೊಲಗಳಲ್ಲಿ ರಾಗಿ, ಮುಸುಕಿನ ಜೋಳ, ಅರಿಶಿನ, ಬಾಳೆ, ಆಲೂಗಡ್ಡೆ, ಎಲೆಕೋಸು ಬೆಳೆಯುತ್ತವೆ. ಸುತ್ತಲೂ ಕಾಡು. ತಮಿಳುನಾಡಿನ ಬದಿಯ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕರ್ನಾಟಕದ ಬದಿಯಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು. ಆನೆಗೆ ರಾಜ್ಯದ ಗಡಿ ತಿಳಿಯದು. ಬೆಳೆ ಹಾಲುತುಂಬುವ ಹೊತ್ತಿಗೆ ರೈತ ಅಟ್ಟಣೆಯ ಮೇಲೆ ಟಾರ್ಚು ಹಿಡಿದು ರಾತ್ರಿಯೆಲ್ಲ ಎಚ್ಚರವಿರುತ್ತಾನೆ. ಆನೆ ಬಂದರೆ ಕೂಗು, ತಮಟೆ, ಪಟಾಕಿ. ಓಡಿಸಿದರೆ ಆ ರಾತ್ರಿಯ ಗೆಲುವು. ಮರುರಾತ್ರಿ ಮತ್ತೆ ಅದೇ.

ಇದು ಕಾವಲು. ಇನ್ನೊಂದು ದುಡಿಮೆಯುಂಟು: ಕಾಡಂಚಿನಲ್ಲಿ ಆನೆ ಕಂದಕ ತೋಡುವುದು, ಸೋಲಾರ್ ಬೇಲಿ ಎಳೆಯುವುದು. ಅದು ಒಂದು ರಾತ್ರಿಯಲ್ಲಿ ಮುಗಿಯುವ ಕೆಲಸವಲ್ಲ. ಅಳತೆ ಬೇಕು, ಯೋಜನೆ ಬೇಕು; ಮುಗಿದ ಮೇಲೂ ಮಳೆಗೆ ಕುಸಿದ ಕಡೆ ಮತ್ತೆ ಕಟ್ಟಬೇಕು. ಆದರೆ ಅದು ಗಟ್ಟಿಯಾಗಿ ನಿಂತಷ್ಟು ದಿನ ಹತ್ತಾರು ಮನೆಗಳವರು ನಿದ್ದೆ ಮಾಡುತ್ತಾರೆ. ಕಂದಕ ಎಲ್ಲಿ ಆಳವಾಗಿರಬೇಕು, ಆನೆ ಯಾವ ಹಳ್ಳದ ದಾರಿ ಹಿಡಿದು ನುಗ್ಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲವನು ಆ ಹೊಲದಲ್ಲಿ ಕಾವಲಿದ್ದವನೇ.

ಪಟ್ಟಣದ ಕಂಪ್ಯೂಟರ್ ಕಚೇರಿಗಳಲ್ಲಿಯೂ ಇದೇ ಎರಡು ಬಗೆಯ ದುಡಿಮೆಗಳಿವೆ. ದೀಪಾವಳಿ ಮುಗಿಯುವ ಹೊತ್ತಿಗೆ ನಡೆಯುವ ಗುಮಟಾಪುರದ ಗೋರೆಹಬ್ಬಕ್ಕೆ ಹೊರಗೆ ದುಡಿಯುವ ಮಕ್ಕಳು ಊರಿಗೆ ಬಂದಾಗ ಹಿರಿಯರು ಕೇಳುವುದುಂಟು, “ಏನ್ ಕೆಲ್ಸ ಮಗ?” ಎಂದು. “ಕಂಪ್ಯೂಟರ್ ಕೆಲ್ಸ, ತಾತ” ಎಂದರೆ ಮಾತು ಮುಗಿಯುತ್ತದೆ. ಆ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ಬದುಕುಗಳಿವೆ. ಒಂದು ಸಪೋರ್ಟ್, ಅಂದರೆ ಕೆಟ್ಟದ್ದನ್ನು ಸರಿಪಡಿಸಿ ಕೊಡುವ ಕೆಲಸ. ಇನ್ನೊಂದು ಡೆವಲಪ್‌ಮೆಂಟ್, ಅಂದರೆ ಸಾಫ್ಟ್‌ವೇರನ್ನು ಬರೆಯುವ, ಕಟ್ಟುವ ಕೆಲಸ. ಹಳ್ಳಿಯ ಮಕ್ಕಳಿಗೆ ಮೊದಲು ತೆರೆಯುವ ಬಾಗಿಲು ಸಾಮಾನ್ಯವಾಗಿ ಮೊದಲನೆಯದು. ಅದು ಕೇವಲ ಬಾಗಿಲೋ, ಅದೇ ಮನೆಯೋ ಎಂಬುದು ಮೊದಲ ಎರಡು ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ತೀರ್ಮಾನವಾಗಿಬಿಡುತ್ತದೆ. ಆದುದರಿಂದ ಈ ವ್ಯತ್ಯಾಸವನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು.

ಟಿಕೆಟ್ಟಿನ ಹಿಂದಿನ ಲೋಕ

ಬ್ಯಾಂಕು, ಆಸ್ಪತ್ರೆ, ಕಾರ್ಖಾನೆ ಯಾವುದೇ ಇರಲಿ, ಅಲ್ಲಿಯ ನೌಕರನ ಕಂಪ್ಯೂಟರ್ ಕೆಟ್ಟಾಗ ಅಥವಾ ತಂತ್ರಾಂಶ ಸರಿಯಾಗಿ ನಡೆಯದಾಗ ಅವನು ಸಹಾಯ ಕೇಂದ್ರಕ್ಕೆ ದೂರು ಕೊಡುತ್ತಾನೆ. ಆ ದೂರಿಗೆ ಒಂದು ಸಂಖ್ಯೆ ಬೀಳುತ್ತದೆ, ಅದೇ ಟಿಕೆಟ್. ಮೊದಲ ಹಂತದವರು ಅದನ್ನು ಸ್ವೀಕರಿಸಿ ಪಾಸ್‌ವರ್ಡ್, ಪ್ರಿಂಟರ್, ಇಂಟರ್‌ನೆಟ್ ಮೊದಲಾದ ಪರಿಚಿತ ತೊಂದರೆಗಳನ್ನು ಬರೆದಿಟ್ಟ ಕ್ರಮದಂತೆ ಪರಿಹರಿಸುತ್ತಾರೆ. ಅವರಿಂದಾಗದ್ದು ಎರಡನೆಯ ಹಂತಕ್ಕೆ ಹೋಗುತ್ತದೆ. ಅಲ್ಲಿ ಸರ್ವರ್, ಡೇಟಾಬೇಸ್, ನೆಟ್‌ವರ್ಕ್ ಬಲ್ಲವರಿರುತ್ತಾರೆ. ಅಲ್ಲಿಯೂ ತೀರದ್ದು ಮೂರನೆಯ ಹಂತಕ್ಕೆ, ಆ ತಂತ್ರಾಂಶದ ಒಳಗನ್ನು ಬಲ್ಲವರ ಬಳಿಗೆ ಬರುತ್ತದೆ. ಹೊರದೇಶದ ಗ್ರಾಹಕರ ಹಗಲು ನಮ್ಮ ದೇಶದ ರಾತ್ರಿಯಾದ್ದರಿಂದ ರಾತ್ರಿ ಪಾಳಿ ಇಲ್ಲಿ ಸಾಮಾನ್ಯ. ಅಟ್ಟಣೆಯ ಮೇಲಿನ ಎಚ್ಚರಕ್ಕೂ ಈ ಎಚ್ಚರಕ್ಕೂ ಬಹಳ ಅಂತರವಿಲ್ಲ.

ತಾಳವಾಡಿಯ ಮಕ್ಕಳು ಈ ಕೆಲಸಕ್ಕೆ ಒದಗುವುದಕ್ಕೆ ಕಾರಣವೂ ಉಂಟು. 2006ರ ತಮಿಳು ಕಲಿಕಾ ಕಾಯ್ದೆಯ ನಂತರ ತಮಿಳುನಾಡಿನ ಕನ್ನಡ ಶಾಲೆಗಳಲ್ಲಿಯೂ ತಮಿಳು ಕಡ್ಡಾಯವಾಯಿತು. ಕನ್ನಡದಲ್ಲಿ ಪಾಠ, ತಮಿಳಿನ ಪರೀಕ್ಷೆ, ಜೊತೆಗೆ ಇಂಗ್ಲಿಷ್. ಮಕ್ಕಳಿಗೆ ಇದು ಹೊರೆಯೆಂಬುದು ನಿಜ. ಆದರೆ ಕೊಯಮತ್ತೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಮೂರು ಭಾಷೆಗಳಲ್ಲಿ ತೊಂದರೆಯನ್ನು ಕೇಳಿ ತಿಳಿದುಕೊಳ್ಳಬಲ್ಲ ಯುವಕ ಯುವತಿಯರು ಸಹಾಯ ಕೇಂದ್ರಗಳಿಗೆ ಬೇಕಾದವರೇ.

ಒಳಗೆ ಸೇರಿದ ಮೇಲೆ ಅಪಾಯವಿದೆ. ದಿನಕ್ಕೆ ಇಷ್ಟು ಟಿಕೆಟ್ ಮುಗಿಸಿದರೆ ಸಾಕೆಂಬ ಲೆಕ್ಕದಲ್ಲಿ ವರ್ಷಗಳು ಸರಿಯುತ್ತವೆ. ಐದು ವರ್ಷ ದುಡಿದವನ ಅನುಭವ ಕೆಲವೊಮ್ಮೆ ಒಂದೇ ವರ್ಷದ ಅನುಭವದ ಐದು ಪ್ರತಿಗಳಾಗಿರುತ್ತದೆ. ಬೇರೆ ಕಂಪನಿಗೆ ಅರ್ಜಿ ಹಾಕಿದರೆ, ಸಾಫ್ಟ್‌ವೇರ್ ಬರೆದ ಅನುಭವ ಎಷ್ಟು ಎಂಬ ಕಾಲಂ ಖಾಲಿ ಉಳಿಯುತ್ತದೆ. ಈ ನಡುವೆ ಮೊದಲ ಹಂತದ ಎಷ್ಟೋ ಪ್ರಶ್ನೆಗಳಿಗೆ ಯಂತ್ರಗಳೇ ಉತ್ತರ ಕೊಡತೊಡಗಿವೆ. ಇದ್ದಲ್ಲೇ ಇರುವುದು ಸುರಕ್ಷಿತ ಎಂಬ ನಂಬಿಕೆಯೂ ಹೀಗೆ ಸಡಿಲವಾಗಿದೆ.

ಕಾವಲುಗಾರ ಕಂದಕ ತೋಡುವ ಬಗೆ

ಸಪೋರ್ಟಿನಿಂದ ಡೆವಲಪ್‌ಮೆಂಟಿಗೆ ಹೋಗುವುದೆಂದರೆ ಹಳೆಯದನ್ನೆಲ್ಲ ಬಿಟ್ಟು ಹೊಸದಕ್ಕೆ ಹಾರುವುದೆಂದು ಹಲವರು ತಿಳಿಯುತ್ತಾರೆ. ಕೆಲಸ ಬಿಟ್ಟು, ಸಾಲ ಮಾಡಿ, ತರಬೇತಿ ಕೇಂದ್ರಕ್ಕೆ ಸೇರುವವರೂ ಉಂಟು. ಗಟ್ಟಿಯಾದ ದಾರಿ ಇದಕ್ಕಿಂತ ನಿಧಾನವಾದದ್ದು. ಅದು ಕೈಯಲ್ಲಿರುವ ಟಿಕೆಟ್ಟಿನಿಂದಲೇ ಆರಂಭವಾಗುತ್ತದೆ.

ಒಂದು ಉದಾಹರಣೆ ಸಾಕು. ಪ್ರತಿದಿನ ಬೆಳಿಗ್ಗೆ ನಲವತ್ತು ಸರ್ವರ್‌ಗಳ ಡಿಸ್ಕಿನಲ್ಲಿ ಜಾಗವೆಷ್ಟಿದೆ ಎಂದು ಒಂದೊಂದಾಗಿ ನೋಡಿ ಪಟ್ಟಿ ಮಾಡುವುದು ಒಬ್ಬ ನೌಕರನ ಕೆಲಸವೆನ್ನೋಣ. ಅದಕ್ಕೆ ಒಂದು ಗಂಟೆ ಹಿಡಿಯುತ್ತದೆ. ಲಿನಕ್ಸಿನ ಕೆಲವು ಆಜ್ಞೆಗಳನ್ನು ಕಲಿತು, ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲು ಬರೆದರೆ ಆ ಪಟ್ಟಿ ನಿಮಿಷದೊಳಗೆ ತಾನೇ ಸಿದ್ಧವಾಗುತ್ತದೆ. ಜಾಗ ತುಂಬುವ ಮೊದಲೇ ಎಚ್ಚರಿಕೆಯ ಸಂದೇಶವೂ ಹೋಗುತ್ತದೆ. ಆ ಇಪ್ಪತ್ತು ಸಾಲುಗಳೇ ಅವನ ಮೊದಲ ಸಾಫ್ಟ್‌ವೇರ್. ಅದನ್ನು ಬಳಸುವವರು ಪಕ್ಕದ ಮೇಜಿನಲ್ಲಿದ್ದಾರೆ, ತಪ್ಪಿದರೆ ಹೇಳುವವರೂ ಅವರೇ. ಯಾವ ತರಬೇತಿ ಕೇಂದ್ರವೂ ಇಂಥ ಪಾಠಶಾಲೆಯನ್ನು ಒದಗಿಸಲಾರದು.

ಎರಡನೆಯ ಮೆಟ್ಟಿಲು ಲಾಗ್ ಓದುವುದು. ಬಹುತೇಕ ತಂತ್ರಾಂಶಗಳು ತಾವು ಮಾಡಿದ್ದನ್ನು ಸಾಲುಸಾಲಾಗಿ ದಾಖಲಿಸಿಡುತ್ತವೆ. ಕಾಡಿನ ದಾರಿಯಲ್ಲಿ ಹೆಜ್ಜೆ ಗುರುತು ನೋಡಿ ಯಾವ ಪ್ರಾಣಿ, ಎಷ್ಟು ಹೊತ್ತಿನ ಹಿಂದೆ ಹೋಯಿತೆಂದು ಸೋಲಿಗರು ಹೇಳುವಂತೆ, ಲಾಗ್ ಓದಬಲ್ಲವರು ತಂತ್ರಾಂಶ ಎಲ್ಲಿ ಎಡವಿತೆಂದು ಹೇಳುತ್ತಾರೆ. ಇದರೊಡನೆ ಡೇಟಾಬೇಸಿನಿಂದ ಬೇಕಾದ ಮಾಹಿತಿಯನ್ನು ಕೇಳಿ ತೆಗೆಯುವ ಎಸ್‌ಕ್ಯೂಎಲ್ ಭಾಷೆಯನ್ನು ಕಲಿತವರು ‘ಇದು ಕೆಲಸ ಮಾಡುತ್ತಿಲ್ಲ’ ಎಂದು ಬರೆದು ಟಿಕೆಟ್ಟನ್ನು ಮೇಲಕ್ಕೆ ತಳ್ಳುವುದಿಲ್ಲ. ‘ಹೆಸರಿನಲ್ಲಿ ಚುಕ್ಕಿಯಿದ್ದಾಗ ಮಾತ್ರ ಈ ಪುಟ ನಿಲ್ಲುತ್ತದೆ’ ಎಂದು ಬರೆಯುತ್ತಾರೆ. ಅಂಥ ವರದಿಯನ್ನು ಓದಿದ ಡೆವಲಪರ್ ಅದನ್ನು ಬರೆದವರ ಹೆಸರನ್ನು ನೆನಪಿಡುತ್ತಾನೆ. ಮುಂದೆ ಸಣ್ಣ ದೋಷವೊಂದನ್ನು ತಿದ್ದುವ ಅವಕಾಶ ಅವರಿಗೇ ಸಿಗುತ್ತದೆ. ಆ ತಿದ್ದುಪಡಿಗಳನ್ನು ದಾಖಲಿಸಿ ಹಂಚಿಕೊಳ್ಳಲು ಗಿಟ್ ಎಂಬ ಸಾಧನವನ್ನು ಕಲಿಯಬೇಕಾಗುತ್ತದೆ. ಪರೀಕ್ಷಕನಾಗಿ, ಸರ್ವರ್‌ಗಳ ಕೆಲಸವನ್ನು ಸ್ವಯಂಚಾಲಿತಗೊಳಿಸುವವನಾಗಿ, ಕೊನೆಗೆ ಡೆವಲಪರ್ ಆಗಿ, ಒಂದೇ ಕಂಪನಿಯೊಳಗೆ ಹೀಗೆ ಮೆಟ್ಟಿಲು ಹತ್ತುವುದು ಹೊರಗಿನಿಂದ ಹೊಸ ಅರ್ಜಿ ಹಾಕುವುದಕ್ಕಿಂತ ಸುಲಭ. ಒಳಗಿನವರಿಗೆ ಆಗಲೇ ಅವನ ಕೆಲಸ ಗೊತ್ತು.

ಜಗತ್ತಿನ ದೊಡ್ಡ ಕಂಪನಿಗಳೂ ಇದೇ ಸತ್ಯವನ್ನು ಕಂಡುಕೊಂಡಿವೆ. ಅಮೆರಿಕದ ಲ್ಯಾರಿ ವಾಲ್ 1987ರಲ್ಲಿ ಪರ್ಲ್ ಎಂಬ ಕಂಪ್ಯೂಟರ್ ಭಾಷೆಯನ್ನು ರೂಪಿಸಿದ್ದು ಕಚೇರಿಯ ವರದಿಗಳನ್ನು ಸಿದ್ಧಪಡಿಸುವ ದೈನಂದಿನ ಕಷ್ಟವನ್ನು ಕಳೆಯಲು. ಗೂಗಲ್ 2003ರಲ್ಲಿ ಸರ್ವರ್‌ಗಳ ಕಾವಲನ್ನು ಸಾಫ್ಟ್‌ವೇರ್ ಬರೆಯಬಲ್ಲವರ ಕೈಗೇ ಕೊಟ್ಟಿತು. ಮಾಡಿದ್ದನ್ನೇ ಮಾಡುವ ದುಡಿಮೆ ಅವರ ಸಮಯದ ಅರ್ಧವನ್ನು ಮೀರಬಾರದು, ಉಳಿದರ್ಧದಲ್ಲಿ ಆ ದುಡಿಮೆ ಮತ್ತೆ ಬಾರದಂತೆ ಸಾಫ್ಟ್‌ವೇರ್ ಬರೆಯಬೇಕು ಎಂಬ ನಿಯಮವನ್ನೂ ಮಾಡಿಕೊಂಡಿತು. ಅದೇ ಕಂಪನಿ 2018ರಲ್ಲಿ ಐಟಿ ಸಪೋರ್ಟ್ ಕಲಿಸುವ ಆನ್‌ಲೈನ್ ಪ್ರಮಾಣಪತ್ರದ ಪಾಠಗಳನ್ನು ಆರಂಭಿಸಿತು. 2020ರಲ್ಲಿ ಆ ಕೆಲಸಗಳನ್ನು ಪೈಥಾನ್‌ನಿಂದ ಸ್ವಯಂಚಾಲಿತಗೊಳಿಸುವ ಪಾಠಗಳನ್ನು ಅದರ ಮುಂದಿನ ಹೆಜ್ಜೆಯಾಗಿ ಸೇರಿಸಿತು.

ಬಸಪ್ಪನೂ ಪಸಪ್ಪನೂ

ಕನ್ನಡ ಮಾಧ್ಯಮದ ಮಗುವಿಗೆ ಇದೆಲ್ಲ ನಿಲುಕುತ್ತದೆಯೇ ಎಂಬುದು ಪಾಲಕರ ಮುಂದಿನ ಶಂಕೆ. ಅದಕ್ಕೆ ಉತ್ತರದ ಒಂದು ಭಾಗ ತಾಳವಾಡಿಯ ಪಡಿತರ ಚೀಟಿಗಳಲ್ಲಿಯೇ ಇದೆ. ತಮಿಳು ಲಿಪಿಯಲ್ಲಿ ‘ಪ’ಕ್ಕೂ ‘ಬ’ಕ್ಕೂ ಒಂದೇ ಅಕ್ಷರ, ‘ತ’ಕ್ಕೂ ‘ದ’ಕ್ಕೂ ಒಂದೇ. ಬಸಪ್ಪನ ಹೆಸರನ್ನು ತಮಿಳಿನಲ್ಲಿ ಬರೆದು, ಅದನ್ನು ಕಂಪ್ಯೂಟರ್ ಇಂಗ್ಲಿಷಿಗೆ ತಿರುಗಿಸಿದಾಗ ಅವನು ಪಸಪ್ಪನಾಗಬಹುದು, ಮಾದೇವ ಮಾತೇವನಾಗಬಹುದು. ಒಂದು ದಾಖಲೆಯ ಹೆಸರು ಇನ್ನೊಂದಕ್ಕೆ ಹೊಂದದೆ ಅರ್ಜಿ ಹಿಂದಿರುಗುವ ಕಷ್ಟ ಗಡಿನಾಡಿನ ಮನೆಗಳಿಗೆ ಅಪರಿಚಿತವಲ್ಲ. ಮಹಾನಗರದಲ್ಲಿ ಒಂದೇ ಭಾಷೆಯಲ್ಲಿ ಬೆಳೆದ ಡೆವಲಪರಿಗೆ ಈ ದೋಷ ಕಣ್ಣಿಗೇ ಬೀಳದು. ಮೂರು ಲಿಪಿಗಳಲ್ಲಿ ತನ್ನ ಹೆಸರು ಬರೆದುಕೊಂಡು ಬೆಳೆದ ಮಗುವಿಗೆ ಅದು ನೋಡಿದೊಡನೆ ತಿಳಿಯುತ್ತದೆ. ತೊಂದರೆಯನ್ನು ಗುರುತಿಸುವುದೇ ಈ ವೃತ್ತಿಯ ಅರ್ಧ ವಿದ್ಯೆ.

ಕನ್ನಡದ ಗಣಕ ಚರಿತ್ರೆಯೂ ಹೀಗೆಯೇ ಬೆಳೆದಿದೆ. ಮುದ್ರಣ ಕ್ಷೇತ್ರದ ಅಕ್ಷರ ಜೋಡಣೆಯ ತೊಂದರೆಗಳನ್ನು ಬಲ್ಲ ಕೆ. ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸವನ್ನು ಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂದಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ತಲುಪಿತು. ಭಾಷೆಯನ್ನು ಒಳಗಿನಿಂದ ಬಲ್ಲವರಿಲ್ಲದೆ ಇವು ಹುಟ್ಟುತ್ತಿರಲಿಲ್ಲ.

ಉತ್ತರದ ಇನ್ನೊಂದು ಭಾಗ ಅಷ್ಟು ಹಿತವಾದುದಲ್ಲ. ಪ್ರೋಗ್ರಾಮಿಂಗ್ ಭಾಷೆಗಳ ಕೈಪಿಡಿಗಳು, ದೋಷದ ಸಂದೇಶಗಳು, ಸಂದರ್ಶನಗಳು ಬಹುಮಟ್ಟಿಗೆ ಇಂಗ್ಲಿಷಿನಲ್ಲಿವೆ. ನಿರರ್ಗಳವಾಗಿ ಮಾತನಾಡುವುದು ಆಮೇಲೆ ಬಂದೀತು; ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಮೊದಲೇ ಬೇಕು. ಇದಕ್ಕೆ ಸೇತುವೆಯೊಂದಿದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್, ಸಿ, ಜಾವಾ, ಪೈಥಾನ್ ಮೊದಲಾದವುಗಳ ಪುಟ್ಟ ಪಾಠಗಳು ಉಚಿತವಾಗಿ ದೊರೆಯುತ್ತವೆ. ಹಲವು ಪಾಠಗಳಿಗೆ ಕನ್ನಡ ಧ್ವನಿಯಿದೆ. ಪರದೆಯ ಮೇಲಿನ ಅಕ್ಷರ ಇಂಗ್ಲಿಷು, ಕಿವಿಗೆ ಬೀಳುವ ವಿವರಣೆ ಕನ್ನಡ. ಒಂಬತ್ತನೆಯ ತರಗತಿಯ ಮಗುವೂ ಇದನ್ನು ನೋಡುತ್ತ ಎರಡನ್ನೂ ಒಟ್ಟಿಗೆ ಕಲಿಯಬಹುದು. ಕಾಡಂಚಿನ ಊರುಗಳಲ್ಲಿ ಸಿಗ್ನಲ್ ಸರಿಯಾಗಿ ಸಿಗದಿರುವಲ್ಲಿ, ಪಟ್ಟಣಕ್ಕೆ ಹೋದಾಗ ಪಾಠಗಳನ್ನು ಇಳಿಸಿಕೊಂಡು ಬಂದು ಶಾಲೆಯ ಕಂಪ್ಯೂಟರಿನಲ್ಲಿ ನೋಡುವ ಏರ್ಪಾಟನ್ನು ಶಿಕ್ಷಕರು ಮಾಡಬಹುದು.

ಘಾಟಿಯ ಕೆಳಗಿನ ಬಾಗಿಲುಗಳು

ಸರ್ಕಾರಿ ನೌಕರಿಯ ದಾರಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ತೊಡಕಿದೆ. ತಮಿಳುನಾಡು ಸರ್ಕಾರದ ನೇಮಕಾತಿಗಳಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಶೇ. 20ರಷ್ಟು ಆದ್ಯತೆ ಕೊಡುವ ಕಾಯ್ದೆ 2010ರಿಂದ ಜಾರಿಯಲ್ಲಿದೆ. ಇವರು ಅದರ ಹೊರಗೆ. ಆದರೆ ಉನ್ನತ ಶಿಕ್ಷಣದಲ್ಲಿ ಇದಕ್ಕೆ ಎದುರಾದ ಒಂದು ಅನುಕೂಲವಿದೆ. ಆರರಿಂದ ಹನ್ನೆರಡನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ಎಂಜಿನಿಯರಿಂಗ್ ಮುಂತಾದ ವೃತ್ತಿಶಿಕ್ಷಣದಲ್ಲಿ ಶೇ. 7.5ರಷ್ಟು ಸ್ಥಾನಗಳನ್ನು ಮೀಸಲಿಡುವ ಕಾಯ್ದೆ 2021ರಲ್ಲಿ ಬಂದಿತು. ಹೀಗೆ ಸೇರಿದವರ ಶುಲ್ಕವನ್ನೂ ರಾಜ್ಯ ಸರ್ಕಾರ ಭರಿಸುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹೆಣ್ಣುಮಕ್ಕಳಿಗೆ 2022ರಿಂದ ‘ಪುದುಮೈ ಪೆಣ್’, ಗಂಡುಮಕ್ಕಳಿಗೆ 2024ರಿಂದ ‘ತಮಿಳ್ ಪುದಲ್ವನ್’ ಯೋಜನೆಗಳಲ್ಲಿ ತಿಂಗಳಿಗೆ 1,000 ರೂಪಾಯಿ ದೊರೆಯುತ್ತದೆ. ನಡುವೆ ಶಾಲೆ ಬದಲಿಸುವ ಮುನ್ನ, ಅಥವಾ ಮಗುವನ್ನು ಚಾಮರಾಜನಗರದ ಹಾಸ್ಟೆಲಿಗೆ ಕಳುಹಿಸುವ ಮುನ್ನ, ಈ ಲೆಕ್ಕವನ್ನು ಮನೆಯವರು ಹಾಕಬೇಕು. ಕರ್ನಾಟಕದ ಕಾಲೇಜುಗಳನ್ನು ಬಯಸುವವರು ಹೊರನಾಡು, ಗಡಿನಾಡು ಅಭ್ಯರ್ಥಿಗಳ ನಿಯಮಗಳನ್ನು ಅಲ್ಲಿಯ ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಕೈಪಿಡಿಯಲ್ಲಿ ನೋಡಿ ನಿರ್ಧರಿಸುವುದು ಲೇಸು.

ಘಾಟಿಯ ಬುಡದಲ್ಲಿಯೇ, ಸತ್ಯಮಂಗಲದಲ್ಲಿ, 1996ರಲ್ಲಿ ಆರಂಭವಾದ ಬಣ್ಣಾರಿ ಅಮ್ಮನ್ ತಾಂತ್ರಿಕ ಕಾಲೇಜಿದೆ. ಇನ್ನೊಂದು ಬದಿಗೆ ಚಾಮರಾಜನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು. ಆಗಲೇ ಕೆಲಸದಲ್ಲಿದ್ದು ಪದವಿಯ ಕೊರತೆಯಿಂದ ನಿಂತವರಿಗೆ ಐಐಟಿ ಮದ್ರಾಸ್ 2020ರಲ್ಲಿ ತೆರೆದ ಆನ್‌ಲೈನ್ ಪದವಿ ಒಂದು ದಾರಿ. ಅದಕ್ಕೆ ಜೆಇಇ ಬೇಡ; ಕೆಲವು ವಾರಗಳ ಪಾಠ ಓದಿ ಅರ್ಹತಾ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಸೇರಬಹುದು; ನಡುವೆ ನಿಲ್ಲಿಸಬೇಕಾಗಿ ಬಂದರೂ ಮುಗಿಸಿದ ಹಂತಕ್ಕೆ ತಕ್ಕ ಪ್ರಮಾಣಪತ್ರವಿದೆ. ಬಡ ಕುಟುಂಬಗಳಿಗೆ ಶುಲ್ಕದಲ್ಲಿ ವಿನಾಯಿತಿಯಿದೆ.

ಪದವಿಯಿಲ್ಲದೆ ಆರಂಭಿಸುವ ದಾರಿಗಳೂ ತಮಿಳುನಾಡಿನಲ್ಲಿವೆ. ಜೋಹೋ ಕಂಪನಿ 2004ರಲ್ಲಿ ಆರಂಭಿಸಿದ ಶಾಲೆಯಲ್ಲಿ ಹನ್ನೆರಡನೆಯ ತರಗತಿ ಅಥವಾ ಡಿಪ್ಲೊಮಾ ಮುಗಿಸಿದವರನ್ನು ಆರಿಸಿ, ಶುಲ್ಕವಿಲ್ಲದೆ, ಭತ್ಯೆ ಕೊಟ್ಟು ಕಲಿಸುತ್ತಾರೆ. ಅದೇ ಕಂಪನಿಯಲ್ಲಿ ಭದ್ರತಾ ಕಾವಲುಗಾರನಾಗಿದ್ದ, ಹತ್ತನೆಯ ತರಗತಿಯಷ್ಟೇ ಓದಿದ್ದ ಯುವಕನೊಬ್ಬ ಶಾಲೆಯಲ್ಲಿ ತುಸು ಎಚ್‌ಟಿಎಂಎಲ್ ಕಲಿತಿದ್ದನು. ಹಿರಿಯ ನೌಕರರೊಬ್ಬರು ಅವನ ಆಸಕ್ತಿಯನ್ನು ಗಮನಿಸಿದರು. ಅವನು ಹನ್ನೆರಡು ಗಂಟೆಯ ಪಾಳಿ ಮುಗಿಸಿ ಅವರ ಬಳಿ ಕಲಿಯುತ್ತ ಸುಮಾರು ಎಂಟು ತಿಂಗಳಲ್ಲಿ ಒಂದು ಪುಟ್ಟ ಆ್ಯಪ್ ಸಿದ್ಧಪಡಿಸಿದನು. ಅದರ ಬಲದಿಂದ ಸಂದರ್ಶನಕ್ಕೆ ಹೋಗಿ ಅಲ್ಲಿಯೇ ಡೆವಲಪರ್ ಆದನು. 2022ರಲ್ಲಿ ಅವನೇ ಹೇಳಿಕೊಂಡ ಈ ಕಥೆ ದೇಶದಲ್ಲೆಲ್ಲ ಸುದ್ದಿಯಾಯಿತು. ಆ ಕಥೆಯಲ್ಲಿ ಬೆರಗಿಗಿಂತ ಹೆಚ್ಚಾಗಿ ಗಮನಿಸಬೇಕಾದವು ಮೂರು: ಕಲಿಸುವ ಒಬ್ಬರು, ಪಾಳಿ ಮುಗಿದ ಮೇಲಿನ ಸಮಯ, ತೋರಿಸಲು ಪೂರ್ತಿಯಾದ ಒಂದು ಕೆಲಸ.

ತೋರಿಸುವ ಕೆಲಸಕ್ಕೆ ವಿಷಯ ಹುಡುಕಿ ದೂರ ಹೋಗಬೇಕಿಲ್ಲ. ಈರೋಡ್ ಅರಿಶಿನ ಮಾರುಕಟ್ಟೆಯ ದಿನದ ಧಾರಣೆಯನ್ನು ದಾಖಲಿಸಿ ಕನ್ನಡದಲ್ಲಿ ತೋರಿಸುವ ಪುಟ್ಟ ಆ್ಯಪ್, ಹಾಲಿನ ಸೊಸೈಟಿಯ ಲೆಕ್ಕ, ಎರಡು ರಾಜ್ಯಗಳ ಬಸ್ಸುಗಳ ವೇಳಾಪಟ್ಟಿ, ಶಾಲೆಗೆ ಬೇಕಾದ ಕನ್ನಡ-ತಮಿಳು-ಇಂಗ್ಲಿಷ್ ಪದಕೋಶ, ಇವುಗಳಲ್ಲಿ ಯಾವುದನ್ನಾದರೂ ಪೂರ್ತಿಯಾಗಿ ಮಾಡಿ ಊರಿನ ಹತ್ತು ಜನ ಬಳಸುವಂತಾದರೆ, ನಕಲು ಮಾಡಿದ ಹತ್ತು ಪ್ರಾಜೆಕ್ಟ್‌ಗಳಿಗಿಂತ ಸಂದರ್ಶನದಲ್ಲಿ ಅದು ಹೆಚ್ಚು ತೂಗುತ್ತದೆ.

ತೆರಬೇಕಾದ ಬೆಲೆ

ಈ ದಾರಿಯಲ್ಲಿ ಖಾತರಿಯಿಲ್ಲ. ರಾತ್ರಿ ಪಾಳಿ ಮುಗಿಸಿ ಕಲಿಯಲು ಕೂರುವುದು ದೇಹವನ್ನು ದಣಿಸುತ್ತದೆ. ಒಂದೆರಡು ವರ್ಷ ಹಬ್ಬಕ್ಕೂ ಊರಿಗೆ ಬರಲಾಗದಿರಬಹುದು. ಡೆವಲಪರ್ ಆಗಿ ಹೊಸದಾಗಿ ಸೇರುವಾಗ ಮೊದಲಿನ ಸಂಬಳವೇ ಸಿಗಬಹುದು, ಕಡಿಮೆಯೂ ಆಗಬಹುದು. ಇದನ್ನು ತಿಳಿಯದ ಮನೆಯವರು ‘ಇದ್ದ ಕೆಲಸ ಸಾಲದೇ?’ ಎಂದು ಬೇಸರಿಸಿದರೆ ಕಲಿಯುವವರ ಕೈ ಕುಸಿಯುತ್ತದೆ. ಎಲ್ಲರೂ ಡೆವಲಪರ್ ಆಗಲೇಬೇಕೆಂದೂ ಇಲ್ಲ. ನೆಟ್‌ವರ್ಕ್, ಡೇಟಾಬೇಸ್, ಸೈಬರ್ ಭದ್ರತೆಯಲ್ಲಿ ಆಳಕ್ಕಿಳಿದವರಿಗೂ ಒಳ್ಳೆಯ ಬದುಕಿದೆ.

ಮೋಸದ ವಿಷಯದಲ್ಲಂತೂ ಎಚ್ಚರ ಬೇಕು. ಕೆಲಸ ಕೊಡಿಸುತ್ತೇವೆಂದು ಠೇವಣಿ ಕೇಳುವವರು, ಮಾಡದ ಕೆಲಸದ ಅನುಭವ ಪತ್ರ ಮಾಡಿಕೊಡುವವರು, ಮೂರು ತಿಂಗಳಲ್ಲಿ ಲಕ್ಷದ ಸಂಬಳವೆನ್ನುವವರು ನಗರಗಳಲ್ಲಿ ಕಾದಿರುತ್ತಾರೆ. ಆಲೂಗಡ್ಡೆಯ ದುಡ್ಡು ಅವರ ಕೈಸೇರಿದರೆ ಹಿಂದಿರುಗುವುದಿಲ್ಲ. ಹೆಸರಾಂತ ಸಂಸ್ಥೆಯ ತರಬೇತಿಗೆ ಶುಲ್ಕವಿದ್ದರೂ, ಕೆಲಸದ ಷರತ್ತು, ಬಾಂಡು, ನಡುವೆ ಬಿಟ್ಟರೆ ಕೊಡಬೇಕಾದ ಹಣ ಇವೆಲ್ಲವನ್ನು ಬರಹದಲ್ಲಿ ಓದಿಯೇ ಸಹಿ ಮಾಡಬೇಕು.

ಊರಿಗೂ ಇದರಲ್ಲಿ ಪಾಲಿದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಿಂದ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಪ್ರಾಣಿಗಳಿಗೆ ಅದು ಬೇಕಾದದ್ದೇ. ಆದರೆ ಪಾಳಿಯ ಕೆಲಸಕ್ಕೆ ಬೆಟ್ಟದಿಂದ ದಿನವೂ ಇಳಿದು ಹತ್ತುವುದು ಆಗದ ಮಾತು. ಮೊದಲ ಹಂತದ ಸಪೋರ್ಟಿನವರು ಹೆಚ್ಚಾಗಿ ಕಚೇರಿ ಇರುವಲ್ಲಿಯೇ ಇರಬೇಕು. ಸಾಫ್ಟ್‌ವೇರ್ ಬರೆಯುವವರಿಗೆ, ಸಂಪರ್ಕ ಸರಿಯಿದ್ದರೆ, ವರ್ಷದ ಕೆಲವು ತಿಂಗಳಾದರೂ ಊರಿನಿಂದಲೇ ದುಡಿಯುವ ಅವಕಾಶ ಹೆಚ್ಚು. ಹೆಣ್ಣುಮಕ್ಕಳನ್ನು ದೂರ ಕಳುಹಿಸಲು ಅಂಜುವ ಮನೆಗಳಿಗೂ, ವಯಸ್ಸಾದ ತಂದೆತಾಯಿಯನ್ನು ಬಿಟ್ಟಿರಲಾರದ ಮಕ್ಕಳಿಗೂ ಇದು ಸಣ್ಣ ಮಾತಲ್ಲ. ಮಗು ಊರಿನಲ್ಲಿದ್ದರೆ ಮುಂದಿನ ಮಗುವಿಗೆ ಕಲಿಸುವವರು ಸಿಕ್ಕಂತೆ. ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಉಳಿದಂತೆ.

ಆದುದರಿಂದ ಮುಂದಿನ ಹಬ್ಬಕ್ಕೆ ಮಕ್ಕಳು ಬಂದಾಗ ಸಂಬಳವೆಷ್ಟೆಂಬ ಪ್ರಶ್ನೆಯ ಜೊತೆಗೆ ಹಿರಿಯರು ಇನ್ನೊಂದನ್ನೂ ಕೇಳಬಹುದು: ಈ ವರ್ಷ ಯಾವ ತೊಂದರೆ ಮತ್ತೆ ಬಾರದಂತೆ ಮಾಡಿದೆ? ಉತ್ತರ ಕೊಡಲು ಒಂದು ಇದ್ದರೆ ಆ ಮಗು ದಾರಿಯಲ್ಲಿದೆ. ಇಲ್ಲದಿದ್ದರೆ ಗದರುವ ಅಗತ್ಯವಿಲ್ಲ. ಕಾವಲಿದ್ದ ರಾತ್ರಿಗಳಲ್ಲಿ ಆನೆ ಎಲ್ಲಿಂದ ಬಂತೆಂದು ಅದು ಆಗಲೇ ನೋಡಿದೆ. ಗುದ್ದಲಿ ಹಿಡಿಯಲು ಒಂದಿಷ್ಟು ಬಿಡುವು, ಒಂದಿಷ್ಟು ಧೈರ್ಯ ಮನೆಯಿಂದ ಸಿಗಬೇಕು.